ನಾನ್ನಜದ ಹುಲ್ಲುಗಾವಲು: ಬೇಸಿಗೆಯಲ್ಲಿ ಹೋಗುವವರಿಗೆ

ಪಾಸ್ಖ ಹಬ್ಬ ಮುಗಿದು ಮಕ್ಕಳ ಪರೀಕ್ಷೆಗಳೂ ಮುಗಿದವೆಂದರೆ ನಮ್ಮ ಕಲಬುರಗಿ, ವಿಜಯಪುರ ಭಾಗದ ಧರ್ಮಕೇಂದ್ರಗಳಲ್ಲಿ ಪ್ರತಿ ವರ್ಷ ಒಂದೇ ಪ್ರಶ್ನೆ ಏಳುತ್ತದೆ. ಈ ಸಲ ಧರ್ಮೋಪದೇಶದ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ಗೋವಾ ದೂರ, ಊಟಿ ದುಬಾರಿ. ಗೋಳಗುಮ್ಮಟವನ್ನು ಎಲ್ಲರೂ ನಾಲ್ಕು ಸಲ ನೋಡಿದ್ದಾರೆ. ಹೀಗಾಗಿ ಕಳೆದ ಏಪ್ರಿಲ್‌ನಲ್ಲಿ ನಾವು ಹದಿನಾಲ್ಕು ಜನ, ದೊಡ್ಡವರು ಐವರು, ಉಳಿದವರೆಲ್ಲ ಮಕ್ಕಳು, ಸೊಲ್ಲಾಪುರದ ಬಳಿಯ ನಾನ್ನಜಕ್ಕೆ ಹೋಗಿಬಂದೆವು. ಅಲ್ಲಿರುವುದು ಮಹಾರಾಷ್ಟ್ರ ಸರ್ಕಾರದ ಮಾಳ್‌ಢೋಕ್ ಪಕ್ಷಿ ಅಭಯಾರಣ್ಯ. ಹೋಗಬೇಕೆಂದಿರುವ ಇತರ ಕುಟುಂಬಗಳಿಗೆ ಈ ಬಿಸಿಲುಗಾಲದಲ್ಲಿ ಅಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಮೊದಲೇ ತಿಳಿಸಿಬಿಡುವುದು ಒಳ್ಳೆಯದು.

ಮೊದಲು ಸಿಗದಿರುವುದನ್ನೇ ಹೇಳುತ್ತೇನೆ. ಅಭಯಾರಣ್ಯದ ಹೆಸರಿನಲ್ಲಿರುವ ಆ ಹಕ್ಕಿ ನಿಮಗೆ ಕಾಣಿಸುವುದಿಲ್ಲ ಎಂದೇ ತಿಳಿದು ಹೊರಡಿ. ಕಾರಣವನ್ನು ಮುಂದೆ ಹೇಳುತ್ತೇನೆ. ಅಲ್ಲಿ ಕಾಡೂ ಇಲ್ಲ. ಮಕ್ಕಳಿಗೆ ಅಭಯಾರಣ್ಯವೆಂದರೆ ದಟ್ಟ ಮರ, ಜಲಪಾತ, ಆನೆ. ನಾನ್ನಜದಲ್ಲಿ ಇರುವುದು ಕಣ್ಣು ಹೋದಷ್ಟು ದೂರ ಒಣ ಹುಲ್ಲು, ಅಲ್ಲೊಂದು ಇಲ್ಲೊಂದು ಬೇವು, ಜಾಲಿ, ಮತ್ತು ಆಕಾಶ. ನಮ್ಮ ಗುಂಪಿನ ಒಬ್ಬ ಹುಡುಗನಂತೂ ವಾಹನದಿಂದ ಇಳಿದು ಸುತ್ತ ನೋಡಿ, ಅಭಯಾರಣ್ಯ ಇನ್ನೆಷ್ಟು ದೂರ ಎಂದು ಕೇಳಿದ. ಅವನು ಆಗಲೇ ಅದರ ನಡುವೆ ನಿಂತಿದ್ದ.

ದಾರಿಯ ವಿಷಯ ಸುಲಭ. ಕಲಬುರಗಿಯಿಂದ ಸೊಲ್ಲಾಪುರಕ್ಕೆ ರೈಲಿನಲ್ಲಿ ನೂರಹತ್ತು ಕಿಲೋಮೀಟರ್ ಆಸುಪಾಸು, ಎರಡು ಗಂಟೆಯ ಪ್ರಯಾಣ. ವಿಜಯಪುರದಿಂದ ರಸ್ತೆಯಲ್ಲಿ ಸುಮಾರು ನೂರು ಕಿಲೋಮೀಟರ್. ಬೆಂಗಳೂರಿನವರು ಮುಂಬೈ ಕಡೆಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಸೊಲ್ಲಾಪುರದಲ್ಲಿ ಇಳಿಯಬಹುದು. ಸೊಲ್ಲಾಪುರದಿಂದ ಬಾರ್ಶಿ ರಸ್ತೆಯಲ್ಲಿ ಉತ್ತರಕ್ಕೆ ಇಪ್ಪತ್ತು ಕಿಲೋಮೀಟರಿನಷ್ಟು ಹೋದರೆ ನಾನ್ನಜ. ಹಿಂದಿನ ರಾತ್ರಿಯೇ ಸೊಲ್ಲಾಪುರ ಸೇರಿಕೊಂಡು ವಾಹನ ಗೊತ್ತುಮಾಡಿ ಇಟ್ಟುಕೊಳ್ಳುವುದು ಜಾಣತನ. ಪ್ರವೇಶದ ಅನುಮತಿ, ಸಮಯ, ಶುಲ್ಕ ಇವನ್ನೆಲ್ಲ ಅರಣ್ಯ ಇಲಾಖೆಯ ವನ್ಯಜೀವಿ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ಗುಂಪಾಗಿ ಹೋಗುವವರು ಹೇಳದೆ ಕೇಳದೆ ಹೋಗಿ ನಿಲ್ಲುವುದು ಸರಿಯಲ್ಲ. ಜೊತೆಗೆ ಬರುವ ಕಾವಲುಗಾರರಿಲ್ಲದೆ ಒಳಗೆ ತಿರುಗಲೂಬಾರದು.

ಸಮಯ ಮಾತ್ರ ಕಟ್ಟುನಿಟ್ಟು. ಸೊಲ್ಲಾಪುರದ ಏಪ್ರಿಲ್, ಮೇ ತಿಂಗಳ ಬಿಸಿಲು ನಮ್ಮ ಕಲಬುರಗಿಯ ಬಿಸಿಲಿನ ಒಡಹುಟ್ಟಿದ್ದೇ. ಮಧ್ಯಾಹ್ನದ ತಾಪಮಾನ ನಲವತ್ತು ಡಿಗ್ರಿ ದಾಟುವುದು ಮಾಮೂಲು, ಮೇ ತಿಂಗಳಲ್ಲಿ 42, 43ಕ್ಕೂ ಹೋಗುತ್ತದೆ. ಬಯಲಿನಲ್ಲಿ ನೆರಳಿಲ್ಲ. ಆದ್ದರಿಂದ ಬೆಳಿಗ್ಗೆ ಐದಕ್ಕೆ ಸೊಲ್ಲಾಪುರ ಬಿಡಿ, ಸೂರ್ಯ ಹುಟ್ಟುವ ಹೊತ್ತಿಗೆ ಹುಲ್ಲುಗಾವಲಿನಲ್ಲಿರಿ, ಒಂಬತ್ತೂವರೆಗೆ ಹೊರಟುಬಿಡಿ. ಹತ್ತರ ನಂತರ ಬಿಸಿ ಗಾಳಿ ಏಳುತ್ತದೆ. ದೂರದ ನೆಲ ನೀರಿನಂತೆ ಅಲುಗಾಡುವುದರಿಂದ ದುರ್ಬೀನು ಹಾಕಿದರೂ ಏನೂ ಸ್ಪಷ್ಟವಾಗಿ ಕಾಣಿಸುವುದಿಲ್ಲ. ಪ್ರತಿಯೊಬ್ಬರಿಗೂ ಎರಡು ಮೂರು ಲೀಟರ್ ನೀರು ಬೇಕು, ಅದರಲ್ಲಿ ಒಂದಷ್ಟು ಉಪ್ಪು, ಸಕ್ಕರೆ, ನಿಂಬೆ ಹಾಕಿದ್ದಿರಲಿ. ಅಲ್ಲಿ ಅಂಗಡಿಯನ್ನು ನಂಬಬೇಡಿ. ಬಿಳಿ, ಕೆಂಪು ಬಟ್ಟೆ ಬಿಟ್ಟು ಹುಲ್ಲಿನ ಬಣ್ಣದ ಹಳೆಯ ಹತ್ತಿ ಬಟ್ಟೆ ಹಾಕಿಕೊಳ್ಳಿ. ಕಾಲಿಗೆ ಚಪ್ಪಲಿ ಬೇಡ, ಮುಚ್ಚಿದ ಬೂಟು ಬೇಕು. ಒಣಗಿದ ಹುಲ್ಲಿನ ಬೀಜಗಳಿಗೆ ಸೂಜಿಯಂಥ ಮೊನೆ ಇರುತ್ತದೆ. ಅವು ಕಾಲುಚೀಲದೊಳಗೆ ಹೊಕ್ಕವೆಂದರೆ ಸಂಜೆಯ ತನಕ ಕೀಳುತ್ತಾ ಕೂಡಬೇಕು. ಹಾವು, ಚೇಳು ಇರುವ ನೆಲವೂ ಹೌದು.

ಬೆಂಕಿಯ ಮಾತನ್ನು ಬೇರೆಯಾಗಿಯೇ ಹೇಳಬೇಕು. ಮಾರ್ಚ್‌ನಿಂದ ಮಳೆ ಬರುವ ತನಕ ಈ ಹುಲ್ಲು ಗಂಧಕದ ಹಾಗೆ. ಬೀಡಿಯ ಒಂದು ತುಂಡು ಸಾಕು. ಇಲಾಖೆಯವರು ಬೆಂಕಿ ಹರಡದಂತೆ ಅಲ್ಲಲ್ಲಿ ಹುಲ್ಲು ತೆಗೆದು ಪಟ್ಟಿಗಳನ್ನು ಮಾಡಿರುತ್ತಾರೆ. ಆದರೂ ಒಲೆ ಹೂಡಿ ಅಡುಗೆ ಮಾಡುವ, ಧೂಮಪಾನ ಮಾಡುವ ಆಸೆಯನ್ನು ಊರಲ್ಲೇ ಬಿಟ್ಟು ಹೋಗಬೇಕು. ನಾವು ಕಟ್ಟಿಕೊಂಡು ಹೋಗಿದ್ದ ಚಪಾತಿ, ಶೇಂಗಾ ಚಟ್ನಿಯನ್ನು ಹೊರಗೆ ರಸ್ತೆಯ ಪಕ್ಕದ ಬೇವಿನ ಕೆಳಗೆ ಕುಳಿತು ತಿಂದೆವು.

ಇನ್ನು ಏನು ಸಿಗುತ್ತದೆ ಎಂಬುದಕ್ಕೆ ಬರೋಣ. ಮೊದಲ ಹದಿನೈದು ನಿಮಿಷ ಏನೂ ಸಿಗುವುದಿಲ್ಲ. ಮಕ್ಕಳು ಬೇಸರಗೊಳ್ಳುತ್ತಾರೆ. ಆಮೇಲೆ ಕಣ್ಣು ಹೊಂದಿಕೊಳ್ಳುತ್ತದೆ. ಮಣ್ಣಿನ ಹೆಂಟೆ ಎಂದುಕೊಂಡದ್ದು ಎದ್ದು ಓಡುತ್ತದೆ, ಅದು ನೆಲಗುಬ್ಬಿ. ಗಂಡು ನೆಲಗುಬ್ಬಿ ಸೀಟಿ ಹೊಡೆಯುತ್ತಾ ನೆಟ್ಟಗೆ ಮೇಲೇರಿ, ರೆಕ್ಕೆ ಮುಚ್ಚಿಕೊಂಡು ಕಲ್ಲಿನಂತೆ ಬಿದ್ದು, ಇನ್ನೇನು ನೆಲ ಬಡಿಯಬೇಕು ಅನ್ನುವಾಗ ಮತ್ತೆ ಏರುತ್ತದೆ. ಮಕ್ಕಳು ಈ ಆಟವನ್ನು ಎಷ್ಟು ಹೊತ್ತು ಬೇಕಾದರೂ ನೋಡುತ್ತಾರೆ. ಹಳದಿ ಗಲ್ಲದ ಟಿಟ್ಟಿಭಗಳು ಕೂಗುತ್ತಾ ತಲೆಯ ಮೇಲೆ ಸುತ್ತಿದರೆ ಅಲ್ಲೇ ನಿಂತುಬಿಡಿ, ಒಂದು ಹೆಜ್ಜೆಯೂ ಮುಂದಿಡಬೇಡಿ. ಬೇಸಿಗೆ ಅವುಗಳ ಮೊಟ್ಟೆಯ ಕಾಲ. ಗೂಡು ಕಟ್ಟುವುದಿಲ್ಲ, ಬರಿ ನೆಲದಲ್ಲಿ ನಾಲ್ಕು ಹರಳಿನ ನಡುವೆ ಹರಳಿನ ಬಣ್ಣದ್ದೇ ಮೊಟ್ಟೆ ಇಡುತ್ತವೆ. ಉರಿ ಬಿಸಿಲಿಗೆ ಮೊಟ್ಟೆ ಬೇಯದಂತೆ ತಾಯಿ ತಂದೆ ಹಕ್ಕಿಗಳು ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಅದರ ಮೇಲೆ ಕೂರುತ್ತವೆ. ಯೋಬನ ಗ್ರಂಥದ 39ನೆಯ ಅಧ್ಯಾಯದಲ್ಲಿ ಮೊಟ್ಟೆಯನ್ನು ನೆಲದ ಮೇಲಿಟ್ಟು ಯಾರಾದರೂ ತುಳಿದಾರು ಎಂಬ ಯೋಚನೆಯೇ ಇಲ್ಲದೆ ಹೋಗುವ ಉಷ್ಟ್ರಪಕ್ಷಿಯ ಮಾತಿದೆ. ಟಿಟ್ಟಿಭದ ವಿಷಯದಲ್ಲಿ ಆ ದೂರು ನಿಲ್ಲುವುದಿಲ್ಲ, ಅದು ಯೋಚಿಸುತ್ತದೆ. ತುಳಿಯುವವರು ನಾವು. ಆದ್ದರಿಂದಲೇ ಗಾಡಿದಾರಿ ಬಿಟ್ಟು ಹುಲ್ಲಿಗೆ ಇಳಿಯಬಾರದೆಂಬ ನಿಯಮವನ್ನು ಮಕ್ಕಳಿಗೆ ಬಸ್ಸಿನಲ್ಲೇ ಹೇಳಿಬಿಡಿ.

ಎಂಟು ಗಂಟೆಯ ಹೊತ್ತಿಗೆ ನೀರಿನ ತೊಟ್ಟಿಯ ಬಳಿ ಇರಬೇಕು. ಅಲ್ಲಿನವರು ಇದಕ್ಕೆ ಪಾಣವಠಾ ಎನ್ನುತ್ತಾರೆ. ನೆಲಮಟ್ಟದಲ್ಲಿ ಕಟ್ಟಿದ ಸಿಮೆಂಟಿನ ತಟ್ಟೆಯಂಥ ತೊಟ್ಟಿ. ಸುತ್ತಲಿನ ಹಳ್ಳ ಕೊಳ್ಳ ಬತ್ತಿದ ಮೇಲೆ ಇದಕ್ಕೆ ನೀರು ತಂದು ತುಂಬಿಸಬೇಕಾಗುತ್ತದೆ. ಸಾಕಷ್ಟು ದೂರದಲ್ಲಿ ವಾಹನ ನಿಲ್ಲಿಸಿ ಒಳಗೇ ಕುಳಿತರೆ ಪ್ರಾಣಿಗಳಿಗೆ ಭಯವಿಲ್ಲ, ಇಳಿದು ನಿಂತರೆ ಓಡುತ್ತವೆ. ನಾವು ನೋಡುತ್ತಿದ್ದಂತೆ ಕೃಷ್ಣಮೃಗಗಳ ಹಿಂಡು ಬಂತು. ಹೆಣ್ಣುಗಳು ಒಣ ಹುಲ್ಲಿನ ಬಣ್ಣದವು, ಕೊಂಬಿಲ್ಲ. ಬಲಿತ ಗಂಡು ಮೇಲೆ ಕಪ್ಪು, ಕೆಳಗೆ ಅಚ್ಚ ಬಿಳಿ, ಕೊಂಬುಗಳು ತಿರುಪು ಹಾಕಿದ ಹಾಗೆ. ಅವು ಒಮ್ಮೆಲೇ ನೀರಿಗೆ ಬಾಯಿ ಹಾಕುವುದಿಲ್ಲ. ಹತ್ತು ಹೆಜ್ಜೆ ಬರುತ್ತವೆ, ನಿಂತು ಕಿವಿಗೊಡುತ್ತವೆ, ಹಿಂದೆ ಸರಿಯುತ್ತವೆ, ಮತ್ತೆ ಬರುತ್ತವೆ. ನೀರಿಗಾಗಿ ಬಾಯಾರಿದ ಜಿಂಕೆಯ 42ನೆಯ ಕೀರ್ತನೆಯನ್ನು ನಾವು ದೇವಾಲಯದಲ್ಲಿ ತಂಪಾಗಿ ಫ್ಯಾನಿನ ಕೆಳಗೆ ಹಾಡುತ್ತೇವೆ. ಆ ಬಾಯಾರಿಕೆಯೊಳಗೆ ಇಷ್ಟೊಂದು ಅಂಜಿಕೆಯೂ ಇದೆ ಎಂಬುದು ನನಗೆ ಅಲ್ಲಿ ನೋಡಿದ ಮೇಲೆ ತಿಳಿಯಿತು.

ಜಿಂಕೆಗಳು ಹೋದ ಮೇಲೆ ಹಕ್ಕಿಗಳ ಸರದಿ. ಸ್ಯಾಂಡ್‌ಗ್ರೌಸ್ ಎಂಬ ಪಾರಿವಾಳದ ಗಾತ್ರದ ಹಕ್ಕಿಗಳು ಬಿಸಿಲು ಸ್ವಲ್ಪ ಏರಿದ ಮೇಲೆ ಜೋಡಿಯಾಗಿ, ಗುಂಪಾಗಿ ಹಾರಿಬರುತ್ತವೆ. ಮರಿಗಳಿದ್ದರೆ ಗಂಡುಹಕ್ಕಿ ನೀರಿನಲ್ಲಿ ಹೊಟ್ಟೆಯೂರಿ ಕುಳಿತು ಗರಿಗಳನ್ನು ಸ್ಪಂಜಿನಂತೆ ತೋಯಿಸಿಕೊಂಡು ಹಾರಿಹೋಗುತ್ತದೆ. ದೂರದಲ್ಲಿ ಕಾದಿರುವ ಮರಿಗಳು ಆ ಗರಿಗಳಿಂದಲೇ ನೀರು ಹೀರುತ್ತವೆ. ಇದನ್ನು ಕೇಳಿದ ಮೇಲೆ ನಮ್ಮ ಹುಡುಗಿಯೊಬ್ಬಳು ತನ್ನ ಬಾಟಲಿಯ ನೀರನ್ನು ಮುಖಕ್ಕೆ ಎರಚಿಕೊಳ್ಳುವುದನ್ನು ತಾನಾಗಿಯೇ ನಿಲ್ಲಿಸಿದಳು.

ತೋಳಗಳೂ ಇಲ್ಲಿವೆ. ದಖ್ಖನದ ಈ ಬೂದು ತೋಳ ಕಾಡಿನ ಪ್ರಾಣಿಯಲ್ಲ, ಬಯಲಿನದು. ಬೆಳಗಿನ ಜಾವ ಅದೃಷ್ಟವಿದ್ದರೆ ಕಂಡೀತು. ಹೊತ್ತೇರಿದ ಮೇಲೆ ಎಲ್ಲಾದರೂ ಪೊದೆಯ ನೆರಳಿನಲ್ಲಿ ಮಲಗಿಬಿಡುತ್ತದೆ. ನಮಗೆ ಕಂಡದ್ದು ದಾರಿಯ ಧೂಳಿನಲ್ಲಿ ಅದರ ಹೆಜ್ಜೆ ಮಾತ್ರ. ಕುರಿ ಕಾಯುವ ಧನಗರರು ಈ ತೋಳದ ಜೊತೆ ತಲೆಮಾರುಗಳಿಂದ ಬದುಕಿದ್ದಾರೆ. ಆಗಾಗ ಒಂದೆರಡು ಕುರಿ ಹೋಗುತ್ತವೆ, ಬೈಯುತ್ತಾರೆ, ನಾಯಿ ಸಾಕುತ್ತಾರೆ, ಮುಂದೆ ನಡೆಯುತ್ತಾರೆ. ಕುರುಬ, ಕುರಿ, ತೋಳ ಎಂಬ ಪದಗಳನ್ನು ಶುಭಸಂದೇಶದಲ್ಲಿ ಮಾತ್ರ ಕೇಳಿ ಬೆಳೆದ ಪಟ್ಟಣದ ಮಕ್ಕಳಿಗೆ ಇವು ಮೂರೂ ಒಂದೇ ಬಯಲಿನಲ್ಲಿ ಇರುವುದನ್ನು ತೋರಿಸಲು ಇದಕ್ಕಿಂತ ಹತ್ತಿರದ ಜಾಗ ನನಗಂತೂ ಗೊತ್ತಿಲ್ಲ.

ಈಗ ಮಾಳ್‌ಢೋಕ್ ಕಥೆ. ಮರಾಠಿಯ ಈ ಹಕ್ಕಿಗೆ ಕನ್ನಡದಲ್ಲಿ ಹೆಬ್ಬಕ ಎನ್ನುತ್ತಾರೆ, ಎರೆಭೂಮಿಯ ಜನ ಎರೆಬೂತ ಎಂದೂ ಕರೆದರು. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ಸುಮಾರು ಒಂದು ಮೀಟರ್ ಎತ್ತರ, ಗಂಡಾದರೆ ಹದಿನೈದು ಕಿಲೋ ತನಕ ತೂಗುವ, ಹಾರಬಲ್ಲ ಹಕ್ಕಿಗಳಲ್ಲೇ ಅತಿ ಭಾರದವುಗಳಲ್ಲಿ ಒಂದು. ಕಂದು ಮೈ, ಬಿಳಿ ಕತ್ತು, ತಲೆಯ ಮೇಲೆ ಕಪ್ಪು ಟೊಪ್ಪಿಗೆ. ನಮ್ಮ ರಾಷ್ಟ್ರಪಕ್ಷಿ ಯಾವುದಾಗಬೇಕೆಂಬ ಚರ್ಚೆ ನಡೆದಾಗ ಪಕ್ಷಿತಜ್ಞ ಸಾಲಿಂ ಅಲಿಯವರು ಈ ಹಕ್ಕಿಯ ಪರ ವಾದಿಸಿದ್ದರು. 1963ರಲ್ಲಿ ಆ ಗೌರವ ನವಿಲಿಗೆ ಹೋಯಿತು.

ನಾನ್ನಜದ ಬಯಲಿನಲ್ಲಿ ಈ ಹಕ್ಕಿಗಳಿರುವುದನ್ನು 1972ರಲ್ಲಿ ಸೊಲ್ಲಾಪುರದ ಪಕ್ಷಿಪ್ರೇಮಿ ಬಿ. ಎಸ್. ಕುಲಕರ್ಣಿಯವರು ಲೋಕದ ಗಮನಕ್ಕೆ ತಂದರು. ಅದು ಮಹಾರಾಷ್ಟ್ರದ ಘೋರ ಬರಗಾಲದ ವರ್ಷ. 1979ರಲ್ಲಿ ಅಭಯಾರಣ್ಯ ಘೋಷಣೆಯಾಯಿತು. 1980ರ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಅಸದ್ ರಹಮಾನಿ ಮತ್ತು ಸಂಗಡಿಗರು ಇಲ್ಲಿ ಹಕ್ಕಿಯ ಬದುಕನ್ನು ಅಭ್ಯಾಸ ಮಾಡಿದರು. ಮಳೆ ಬಿದ್ದು ಹುಲ್ಲು ಚಿಗುರಿದಾಗ ಗಂಡು ಎತ್ತರದ ಜಾಗದಲ್ಲಿ ನಿಂತು ಕತ್ತಿನ ಚೀಲ ಊದಿಸಿ ದೂರಕ್ಕೆ ಕೇಳುವ ಹೂಂಕಾರ ಹಾಕುತ್ತದೆ. ಹೆಣ್ಣು ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಆ ಒಂದು ಮೊಟ್ಟೆ ನಾಯಿಗೋ ನರಿಗೋ ಎತ್ತಿನ ಗೊರಸಿಗೋ ಸಿಕ್ಕಿತೆಂದರೆ ಆ ಸಲದ ಸಂಸಾರ ಮುಗಿಯಿತು.

ಘೋಷಿಸಿದ ಅಭಯಾರಣ್ಯದ ವಿಸ್ತಾರ ಸುಮಾರು 8,500 ಚದರ ಕಿಲೋಮೀಟರ್. ಕೇಳಲು ಸೊಗಸು. ಆದರೆ ಅದರಲ್ಲಿ ಹುಲ್ಲುಗಾವಲು ಸ್ವಲ್ಪವೇ, ಉಳಿದದ್ದೆಲ್ಲ ರೈತರ ಹೊಲ, ಊರು, ಪೇಟೆ. ಹೊಲ ಮಾರಬೇಕಾದರೆ, ಕಟ್ಟಡ ಕಟ್ಟಬೇಕಾದರೆ, ರಸ್ತೆಯಾಗಬೇಕಾದರೆ ಅಡ್ಡಿ. ಹಕ್ಕಿಯಿಂದಾಗಿ ನಮ್ಮ ಹೊಲ ನಮ್ಮದಲ್ಲದಂತಾಯಿತು ಎಂಬ ಸಿಟ್ಟು ಹಳ್ಳಿಗಳಲ್ಲಿ ಬೆಳೆಯಿತು. ಹಿಂದೆ ಜೋಳದ ಹೊಲದಲ್ಲಿ ಹುಳ ಹೆಕ್ಕುತ್ತಾ ಓಡಾಡುತ್ತಿದ್ದ ಈ ಹಕ್ಕಿಯನ್ನು ಯಾರೂ ಶತ್ರುವೆಂದು ನೋಡಿರಲಿಲ್ಲ. 2010ರ ನಂತರದ ವರ್ಷಗಳಲ್ಲಿ ಗಡಿಗಳನ್ನು ಮರುಗುರುತಿಸಿ ವಿಸ್ತಾರವನ್ನು ಸುಮಾರು 1,200 ಚದರ ಕಿಲೋಮೀಟರಿಗೆ ಇಳಿಸಿದರು. ಅಷ್ಟರಲ್ಲಿ ಹೊಲಗಳೇ ಬದಲಾಗಿದ್ದವು. ಕೊಳವೆ ಬಾವಿ, ಕಾಲುವೆ ಬಂದಲ್ಲಿ ಜೋಳ, ಶೇಂಗಾ ಹೋಗಿ ಕಬ್ಬು, ದ್ರಾಕ್ಷಿ ಬಂದವು. ನಾನ್ನಜವೇ ದ್ರಾಕ್ಷಿಗೆ ಹೆಸರಾದ ಊರು. ಇಲ್ಲಿನ ರೈತ ನಾನಾಸಾಹೇಬ್ ಕಾಳೆಯವರು ಬೆಳೆಸಿದ ಸೋನಾಕಾ ಎಂಬ ಉದ್ದ ದ್ರಾಕ್ಷಿಯ ತಳಿಯನ್ನು ನೀವೂ ತಿಂದಿರಬಹುದು. ಸೊಲ್ಲಾಪುರ, ನಾನ್ನಜ, ಕಾಳೆ ಈ ಮೂರರ ಮೊದಲಕ್ಷರ ಸೇರಿ ಆ ಹೆಸರು. ಒಣಭೂಮಿಯಲ್ಲಿ ಬೆವರು ಸುರಿಸಿ ನಾಲ್ಕು ಕಾಸು ಕಂಡ ರೈತನನ್ನು ದೂರುವ ಮನಸ್ಸು ನನಗಿಲ್ಲ. ಆದರೆ ದ್ರಾಕ್ಷಿಯ ಚಪ್ಪರದ ಕೆಳಗೆ ಎರೆಬೂತ ನಡೆಯಲಾರದು. ಎರಡೂ ನಿಜ.

ಇದರ ಮೇಲೆ ವಿದ್ಯುತ್ ತಂತಿಗಳು. ಈ ಹಕ್ಕಿಯ ಕಣ್ಣುಗಳು ತಲೆಯ ಪಕ್ಕಕ್ಕೆ ಇರುವುದರಿಂದ ನೇರ ಮುಂದಿನ ತಂತಿ ತಡವಾಗಿ ಕಾಣುತ್ತದೆ, ಕಂಡರೂ ಭಾರದ ಮೈ ತಟ್ಟನೆ ತಿರುಗುವುದಿಲ್ಲ. 2011ರಲ್ಲಿ ಇದನ್ನು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ನಾನ್ನಜದಲ್ಲಿ ಹಿಂದೆ ಹತ್ತಾರು ಇದ್ದವು, ಇತ್ತೀಚಿನ ಗಣತಿಗಳಲ್ಲಿ ಒಂದು ಕಂಡರೆ ಹೆಚ್ಚು ಎಂಬಂತಾಗಿದೆ. ದೇಶದಲ್ಲಿ ಉಳಿದವು ಇನ್ನೂರಕ್ಕಿಂತ ಕಡಿಮೆ, ಹೆಚ್ಚಿನವು ರಾಜಸ್ಥಾನದ ಮರುಭೂಮಿಯಲ್ಲಿ. ನಮ್ಮ ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು. ರಾಜಸ್ಥಾನದ ಜೈಸಲ್ಮೇರ್ ಜಿಲ್ಲೆಯಲ್ಲಿ 2019ರಲ್ಲಿ ಆರಂಭವಾದ ಸಂವರ್ಧನಾ ಕೇಂದ್ರದಲ್ಲಿ ಮೊಟ್ಟೆಗಳನ್ನು ಕಾವು ಕೊಟ್ಟು ಮರಿ ಮಾಡುತ್ತಿದ್ದಾರೆ. ಅಲ್ಲಿ ಈಗ ಐವತ್ತಕ್ಕೂ ಹೆಚ್ಚು ಹಕ್ಕಿಗಳಿವೆ. 2024ರ ಅಕ್ಟೋಬರಿನಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿಯೂ ಹುಟ್ಟಿತು. ಆ ಮರಿಗಳ ಮುಂದಿನ ಪೀಳಿಗೆಯನ್ನು ಒಂದು ದಿನ ಬಯಲಿಗೆ ಬಿಡಬೇಕು. ಬಿಡಲು ಬಯಲು ಇರಬೇಕು.

ಇಲ್ಲಿಯೇ ಧರ್ಮಕೇಂದ್ರದ ನಾವೆಲ್ಲ ಸ್ವಲ್ಪ ನಿಂತು ಯೋಚಿಸಬೇಕಾದ ಮಾತೊಂದಿದೆ. ಜೂನ್ 5 ಬಂತೆಂದರೆ ಸಸಿ ನೆಡುವುದು ನಮ್ಮ ಯುವಕರ ಸಂಘಗಳ ವಾಡಿಕೆ. ಒಳ್ಳೆಯದೇ. ಆದರೆ ಸಸಿ ನೆಡಲು ಜಾಗ ಹುಡುಕುವಾಗ ನಮ್ಮ ಕಣ್ಣು ಮೊದಲು ಹೋಗುವುದು ಊರ ಹೊರಗಿನ ಖಾಲಿ ಗುಡ್ಡ, ಹುಲ್ಲಿನ ಬಯಲಿಗೆ. ಅದನ್ನು ನಾವು ಬಂಜರು ಎನ್ನುತ್ತೇವೆ, ಸರ್ಕಾರದ ಕಾಗದಪತ್ರಗಳೂ ಪಾಳು ಭೂಮಿ ಎನ್ನುತ್ತವೆ. ನಾನ್ನಜದ ಸುತ್ತ ಬರ ನಿವಾರಣೆಯ ಯೋಜನೆಯಲ್ಲಿ ಹುಲ್ಲು ಬೆಳೆಸಿ ಕಾಯ್ದದ್ದು ಹಕ್ಕಿಗೆ ಆಸರೆಯಾಯಿತು, ಜೊತೆಗೆ ಒತ್ತೊತ್ತಾಗಿ ನೆಟ್ಟ ಗ್ಲಿರಿಸಿಡಿಯಾದಂಥ ಗಿಡಗಳು ಅದೇ ಹುಲ್ಲನ್ನು ಮುಚ್ಚುತ್ತಾ ಬಂದವು. ದೂರದ ತನಕ ಕಣ್ಣು ಹಾಯಿಸಿ ಅಪಾಯ ತಿಳಿಯುವ ಹಕ್ಕಿಗೆ ಮರದ ಸಾಲು ಎಂದರೆ ಗೋಡೆ. ನಮ್ಮ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲೂ ಹೀಗೇ ಆಯಿತು. ಕೃಷ್ಣಮೃಗಗಳಿಗಾಗಿ 1974ರಲ್ಲಿ ಅಭಯಾರಣ್ಯವಾದ ಆ ಬಯಲಿನ ಬಹುಭಾಗ ನೀಲಗಿರಿ ನೆಡುತೋಪಾಯಿತು. ಹಿಂದೆ ಅಲ್ಲಿದ್ದ ಎರೆಬೂತ ಈಗ ಇಲ್ಲ.

ನೆಟ್ಟವರು ಕೆಟ್ಟವರಲ್ಲ. ಹಸಿರು ಮಾಡಬೇಕೆಂದೇ ನೆಟ್ಟರು. ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರ 2015ರ ಲೌದಾತೊ ಸಿ ವಿಶ್ವಪರಿಪತ್ರವನ್ನು ನಮ್ಮಲ್ಲಿ ಹೆಚ್ಚಾಗಿ ಸಸಿ ನೆಡುವ ದಿನದ ಭಾಷಣಕ್ಕೆ ಬಳಸುತ್ತೇವೆ. ಆದರೆ ಅದೇ ಪತ್ರದಲ್ಲಿ ಸಹಜ ಕಾಡನ್ನು ತೆಗೆದು ಒಂದೇ ಜಾತಿಯ ಮರಗಳ ತೋಪು ಬೆಳೆಸುವುದರಿಂದ ಜೀವವೈವಿಧ್ಯಕ್ಕಾಗುವ ಹಾನಿಯನ್ನು ಸರಿಯಾಗಿ ಪರಿಶೀಲಿಸುವುದಿಲ್ಲ ಎಂಬ ಮಾತೂ ಇದೆ. ನಮ್ಮಿಂದಾಗಿ ಅಳಿದ ಜೀವಿಗಳು ತಮ್ಮ ಇರವಿನಿಂದ ದೇವರನ್ನು ಸ್ತುತಿಸಲಾರವು ಎಂಬ ದುಃಖವೂ ಇದೆ. ಹುಲ್ಲುಗಾವಲಿಗೂ ಇವು ಅನ್ವಯಿಸುತ್ತವೆ ಎಂದೇ ನನ್ನ ಅಭಿಪ್ರಾಯ. ಸಸಿಗಳನ್ನು ದೇವಾಲಯದ ಅಂಗಳದಲ್ಲಿ, ಶಾಲೆಯ ಸುತ್ತ, ರಸ್ತೆಯ ಬದಿಗೆ, ನೀರು ಹಾಕುವವರು ಇರುವ ಕಡೆ ನೆಡೋಣ. ಬೇಸಿಗೆಯಲ್ಲಿ ಸತ್ತಂತೆ ಕಾಣುವ ಬಯಲನ್ನು ಅದರ ಪಾಡಿಗೆ ಬಿಡೋಣ. ಅದು ಸತ್ತಿಲ್ಲ, ಬೇರಿನಲ್ಲಿ ಮಲಗಿದೆ. ನಮ್ಮ ಪ್ರವಾಸದ ಮೇಲೆ ಮಕ್ಕಳಿಂದ ಬರೆಸಿದ ಪ್ರಬಂಧಗಳಲ್ಲಿ ಮೂವರು ಇದನ್ನೇ ಬರೆದಿದ್ದರು. ಉಳಿದವರು ಐಸ್‌ಕ್ರೀಮಿನ ಬಗ್ಗೆ ಬರೆದರು, ಅದೂ ನಿಜವೇ.

ಏಕೆಂದರೆ ಹತ್ತು ಗಂಟೆಯ ನಂತರ ಸೊಲ್ಲಾಪುರಕ್ಕೆ ಮರಳಿ ತಣ್ಣಗೆ ಏನಾದರೂ ಕುಡಿದು ನೆರಳು ಸೇರುವುದೊಂದೇ ಕೆಲಸ. ಮಧ್ಯಾಹ್ನ ನಾಲ್ಕರ ತನಕ ಮಕ್ಕಳನ್ನು ಹೊರಗೆ ಬಿಡಬೇಡಿ. ಸೊಲ್ಲಾಪುರ ಜಿಲ್ಲೆ ಪುಣೆ ಧರ್ಮಕ್ಷೇತ್ರಕ್ಕೆ ಸೇರಿದ್ದು. ಭಾನುವಾರದ ಪ್ರವಾಸವಾದರೆ ಅಲ್ಲಿನ ಗುರುಗಳಿಗೆ ಮೊದಲೇ ಫೋನ್ ಮಾಡಿ ಬಲಿಪೂಜೆಯ ಸಮಯ ಕೇಳಿಕೊಳ್ಳಿ. ಊಟಕ್ಕೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಎಲ್ಲೆಡೆ ಸಿಗುತ್ತವೆ. ಮಾತಿಗೂ ತೊಂದರೆಯಿಲ್ಲ. ಈ ಊರಿನ ಬೀದಿಯಲ್ಲಿ ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಕೇಳಿಸುತ್ತವೆ. ಚಾದರ ಕೊಳ್ಳುವ ಹೆಂಗಸರಿಗೆ ಅಂಗಡಿಯವರು ಕನ್ನಡದಲ್ಲೇ ಚೌಕಾಸಿಗೆ ಉತ್ತರ ಕೊಡುತ್ತಾರೆ. ದೊಡ್ಡ ಮಕ್ಕಳಿದ್ದರೆ ಡಾ. ದ್ವಾರಕಾನಾಥ್ ಕೋಟ್ನಿಸ್‌ರ ಸ್ಮಾರಕಕ್ಕೆ ಕರೆದೊಯ್ಯಿರಿ. 1910ರಲ್ಲಿ ಈ ಊರಲ್ಲಿ ಹುಟ್ಟಿ, 1938ರಲ್ಲಿ ಯುದ್ಧದ ಗಾಯಾಳುಗಳ ಸೇವೆಗೆಂದು ಚೀನಾಕ್ಕೆ ಹೋಗಿ, 1942ರಲ್ಲಿ ಅಲ್ಲೇ ತೀರಿಕೊಂಡ ವೈದ್ಯರು.

ಸಂಜೆ ಸಿದ್ಧೇಶ್ವರ ಕೆರೆಯ ದಂಡೆಯ ಮೇಲೆ ಗಾಳಿ ಚೆನ್ನಾಗಿರುತ್ತದೆ. ಸೊನ್ನಲಿಗೆ ಎಂಬುದು ಸೊಲ್ಲಾಪುರದ ಹಳೆಯ ಕನ್ನಡ ಹೆಸರು. ಹನ್ನೆರಡನೆಯ ಶತಮಾನದ ವಚನಕಾರ ಸಿದ್ಧರಾಮರು ಜನರನ್ನು ಕೂಡಿಸಿಕೊಂಡು ಇಲ್ಲಿ ಕೆರೆ ಕಟ್ಟಿಸಿದರೆಂದು ಶಾಲೆಯ ಪುಸ್ತಕಗಳಲ್ಲಿ ಓದಿದ್ದೇವೆ. ಬೆಳಿಗ್ಗೆ ತೊಟ್ಟಿಯ ನೀರಿಗೆ ಜಿಂಕೆ ಬಂದದ್ದನ್ನು ನೋಡಿದ ಮಕ್ಕಳಿಗೆ ಈ ಒಣ ನಾಡಿನಲ್ಲಿ ಕೆರೆ ಕಟ್ಟುವುದು ಎಂಥ ಕೆಲಸ ಎಂದು ವಿವರಿಸಿ ಹೇಳಬೇಕಾಗಲಿಲ್ಲ. ಇಂದಿಗೂ ಬೇಸಿಗೆಯಲ್ಲಿ ಈ ನಗರದ ನಲ್ಲಿಗಳಿಗೆ ನೀರು ಬರುವುದು ಕೆಲವು ದಿನಗಳಿಗೊಮ್ಮೆ. ತಂಗುವ ಕಡೆ ಸ್ನಾನದ ನೀರನ್ನು ಹಿಡಿತದಲ್ಲಿ ಬಳಸಿ.

ಒಂದು ದಿನ ಹೆಚ್ಚು ಇದ್ದರೆ, ಅಥವಾ ರಸ್ತೆಯಲ್ಲಿ ಕಲಬುರಗಿಗೆ ಮರಳುವವರಾದರೆ, ಅಕ್ಕಲಕೋಟೆಯ ಮೂಲಕ ಬನ್ನಿ. ಸೊಲ್ಲಾಪುರದಿಂದ ಆಗ್ನೇಯಕ್ಕೆ ನಲವತ್ತು ಕಿಲೋಮೀಟರಿನಷ್ಟು. ಅಲ್ಲಿಂದ ಆಳಂದದ ದಾರಿ ಹಿಡಿಯಬಹುದು. ತಾಲ್ಲೂಕಿನ ಹಳ್ಳಿಹಳ್ಳಿಯಲ್ಲೂ ಮನೆಮಾತು ಕನ್ನಡ, ಕನ್ನಡ ಶಾಲೆಗಳಿವೆ. ರಾಜ್ಯ ಮಹಾರಾಷ್ಟ್ರವಾದರೂ ಬಸ್ ನಿಲ್ದಾಣದಲ್ಲಿ ನಮ್ಮ ಆಳಂದದಲ್ಲಿ ನಿಂತ ಹಾಗೇ ಅನಿಸುತ್ತದೆ. 1878ರಲ್ಲಿ ದೇಹ ಬಿಟ್ಟ ಸ್ವಾಮಿ ಸಮರ್ಥರ ಆಲದ ಮರದ ಗುಡಿಗೆ ದೂರದೂರದಿಂದ ಹಿಂದೂ ಬಾಂಧವರು ಬರುತ್ತಾರೆ. ಬಂದವರಿಗೆಲ್ಲ ಅಲ್ಲಿನ ಅನ್ನಛತ್ರದಲ್ಲಿ ಊಟವಿದೆ. ಗುರುವಾರ, ರಜಾ ದಿನಗಳಲ್ಲಿ ಜನಜಂಗುಳಿ, ವಾಹನ ನಿಲ್ಲಿಸಲೂ ಕಷ್ಟ. ಹಳೆಯ ಸಂಸ್ಥಾನದ ಶಸ್ತ್ರಾಗಾರವನ್ನು ನೋಡಲು ಹುಡುಗರಿಗೆ ಆಸೆಯಿರುತ್ತದೆ, ತೆರೆದಿದೆಯೇ ಎಂದು ಕೇಳಿಕೊಂಡು ಹೋಗಿ. ನನಗೆ ಹಿಡಿಸಿದ್ದು ಊರಿಗಿಂತ ದಾರಿ. ಕೊಯ್ಲಾದ ಜೋಳದ ಎರೆಹೊಲಗಳು ಬಿರುಕು ಬಿಟ್ಟು ಮಲಗಿರುತ್ತವೆ, ಬಣವೆಗಳ ಮೇಲೆ ಕಾಗೆ, ಬೇವಿನ ಹೂವಿನ ವಾಸನೆ. ಈ ಹೊಲಗಳಲ್ಲೂ ಅಲ್ಲಲ್ಲಿ ಕೃಷ್ಣಮೃಗಗಳು ಕಾಣುತ್ತವೆ, ವಾಹನದ ವೇಗ ಕಡಿಮೆ ಮಾಡಿದರೆ ಸಾಕು.

ಮೇ ತಿಂಗಳ ಕೊನೆಗೆ ಹೋಗುವವರು ಇನ್ನೊಂದು ವಿಷಯ ಗಮನಿಸಿ. ಸಂಜೆ ಹೊತ್ತು ಒಮ್ಮೆಲೇ ಧೂಳು, ಗುಡುಗು, ಆಲಿಕಲ್ಲಿನ ಮಳೆ ಬರುವುದುಂಟು. ಮರಾಠಿಯವರು ವಳೀವ್ ಎನ್ನುವ ಈ ಮಳೆ ಅರ್ಧ ಗಂಟೆ ಸುರಿದು ಹೋಗುತ್ತದೆ. ಬಯಲಿನಲ್ಲಿ ಸಿಡಿಲಿಗೆ ಮರೆಯಿಲ್ಲ, ಮೋಡ ಕಂಡರೆ ವಾಹನ ಸೇರಿಕೊಳ್ಳಿ. ಒಂದು ಹದ ಮಳೆಯಾದರೂ ಎರೆ ಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಕಚ್ಚಾ ದಾರಿಯಲ್ಲಿ ಗಾಡಿ ಅಲುಗುವುದಿಲ್ಲ, ಒಳಗೆ ಬಿಡುವುದೂ ಇಲ್ಲ. ಮುಂಗಾರು ಹಿಡಿದ ಮೇಲೆ ತೊಟ್ಟಿಯ ಬಳಿ ಕಾಯುವುದರಲ್ಲಿ ಅರ್ಥವಿಲ್ಲ, ಎಲ್ಲ ಕುಳಿಯಲ್ಲೂ ನೀರಿರುತ್ತದೆ, ಜಿಂಕೆಗಳು ಚದುರಿಹೋಗುತ್ತವೆ. ಹತ್ತು ಹದಿನೈದು ದಿನದಲ್ಲಿ ಹುಲ್ಲು ಹಸಿರಾಗುತ್ತದೆ. ಹೆಬ್ಬಕ ಹೂಂಕರಿಸುತ್ತಿದ್ದ ಕಾಲ ಅದು. ಆ ದಿನಗಳಲ್ಲಿ ನೆಲದ ಹಕ್ಕಿಗಳಿಗೆ ತೊಂದರೆಯಾಗದಂತೆ ಇಲಾಖೆಯವರು ಹೇಳಿದ ಕಡೆ ಮಾತ್ರ ಹೋಗಿ, ಹೇಳಿದಷ್ಟು ಹೊತ್ತು ಮಾತ್ರ ನಿಲ್ಲಿ.